ರೈಜೋಬಿಯಂ ಬಳಸುವ ಮುನ್ನ

ನೀವು ಬಿತ್ತನೆಗೆಂದು ತರುವ ರೈಜೋಬಿಯಂ ಪೊಟ್ಟಣದಲ್ಲಿರುವುದು, ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಂತ ಬ್ಯಾಕ್ಟೀರಿಯಾ. ಅವು ಸತ್ತರೆ ಕೊಟ್ಟ ಕಾಸು ದಂಡ. ಆದ್ದರಿಂದ ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ. ಮನೆಯಲ್ಲಿ ಬಿಸಿಲು ತಾಗದ ತಂಪು ಜಾಗದಲ್ಲಿಡಿ.

ಬೆಳೆ ಯಾವುದೆಂದು ಅಂಗಡಿಯಲ್ಲಿ ಹೇಳಿ ಕೇಳಿ. ಸೋಯಾಬೀನ್‌ಗೆ ಒಗ್ಗುವ ತಳಿ ಕಡಲೆಗೆ ಕೆಲಸ ಮಾಡದು. ತಣ್ಣಗಾದ ಬೆಲ್ಲದ ಪಾಕದಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಚ್ಚಲೇಬೇಕಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಎರಡನ್ನೂ ಒಟ್ಟಿಗೆ ಕಲಸಬೇಡಿ. ಯೂರಿಯಾ ಹೆಚ್ಚು ಸುರಿದರೆ ಬೇರಿನಲ್ಲಿ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ನಾಲ್ಕು ಸಾಲು ಲೇಪನವಿಲ್ಲದ ಬೀಜವನ್ನೂ ಬಿತ್ತಿ, ಗುರುತಿಗೆ ಗೂಟ ನೆಡಿ. ಹೂ ಬಿಡುವ ಹೊತ್ತಿಗೆ ಎರಡೂ ಕಡೆಯ ಕೆಲವು ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಬೇರನ್ನು ಮೆಲ್ಲಗೆ ನೀರಲ್ಲಿ ತೊಳೆಯಿರಿ. ಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಎಂದರ್ಥ. ಬಿಳಿ ಅಥವಾ ಹಸಿರಿದ್ದರೆ ಆ ಗಂಟಿನಿಂದ ಪ್ರಯೋಜನವಿಲ್ಲ.

ಲೇಪಿಸದ ಸಾಲಿನಲ್ಲೂ ಅಷ್ಟೇ ಕೆಂಪು ಗಂಟುಗಳು ಕಂಡರೆ ನಿಮ್ಮ ಮಣ್ಣಲ್ಲೇ ಒಳ್ಳೆಯ ಬ್ಯಾಕ್ಟೀರಿಯಾ ಇವೆ. ಎರಡರ ಇಳುವರಿಯನ್ನೂ ಬೇರೆಬೇರೆಯಾಗಿ ತೂಗಿ ನೋಡಿ. ಜಾಹೀರಾತು ಏನೇ ಹೇಳಲಿ, ಮುಂದಿನ ವರ್ಷ ಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮ್ಮ ಹೊಲದ ಲೆಕ್ಕ ನೋಡಿಯೇ ತೀರ್ಮಾನಿಸಿ.