ಹೆಸರನ್ನು ಕೊನೆಗೆ ಓದಿ: ಅಪರೂಪದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಗುರುತಿಸಲು 9 ಸೂತ್ರಗಳು

1950ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಫೆಂಡರ್ ಕಂಪನಿ ‘ಬ್ರಾಡ್‌ಕಾಸ್ಟರ್’ ಎಂಬ ಗಿಟಾರನ್ನು ಹೊರತಂದಿತು. ಆ ಹೆಸರಿನ ಡ್ರಮ್ ತಮ್ಮದಿದೆ ಎಂದು ಗ್ರೆಚ್ ಕಂಪನಿ ತಕರಾರು ತೆಗೆಯಿತು. ಫೆಂಡರ್ ಕೆಲಸಗಾರರು ಸ್ಟಿಕ್ಕರಿನಿಂದ ಮಾಡೆಲ್ ಹೆಸರನ್ನು ಕತ್ತರಿಸಿ, ಕಂಪನಿಯ ಹೆಸರಷ್ಟನ್ನೇ ಅಂಟಿಸಿ ಗಿಟಾರುಗಳನ್ನು ಕಳಿಸಿದರು. 1951ರಲ್ಲಿ ಕೆಲವು ತಿಂಗಳು ಹೀಗೇ ನಡೆದು, ಆಮೇಲೆ ‘ಟೆಲಿಕಾಸ್ಟರ್’ ಎಂಬ ಹೆಸರು ಬಂತು. ನಡುವಿನ ಆ ಹೆಸರಿಲ್ಲದ ಗಿಟಾರುಗಳಿಗೆ ಸಂಗ್ರಾಹಕರು ಇಟ್ಟ ಅಡ್ಡಹೆಸರು ‘ನೋಕಾಸ್ಟರ್’. ಇವತ್ತು ಅದಕ್ಕೆ ಭಾರೀ ಬೇಡಿಕೆ.

ಹಾಗಾದರೆ ನಂತರದ ಟೆಲಿಕಾಸ್ಟರ್ ಒಂದರ ಹೆಸರನ್ನು ಕೆರೆದು ಹಾಕಿದರೆ? ನೋಕಾಸ್ಟರ್ ಸಿದ್ಧ! ಈ ಮೋಸಕ್ಕೆ ಬೀಳದಿರಲು ಇಲ್ಲಿವೆ ಸೂತ್ರಗಳು.

1. ಹೆಸರನ್ನು ನಂಬಿ ಶುರು ಮಾಡಬೇಡಿ

ಗಿಟಾರಿನ ತಲೆಯ ಮೇಲಿನ ಹೆಸರು ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ ಭಾಗ. ಮೊದಲು ಆಕಾರ ನೋಡಿ. ಫೆಂಡರಿನ ಸ್ಟ್ರಾಟೊಕಾಸ್ಟರ್ ಗಿಟಾರ್ ಹುಟ್ಟಿದ್ದು 1954ರಲ್ಲಿ. 1965ರ ಜನವರಿಯಲ್ಲಿ ಫೆಂಡರನ್ನು ಸಿಬಿಎಸ್ ಎಂಬ ಪ್ರಸಾರ ಕಂಪನಿ ಕೊಂಡಿತು. ಆ ವರ್ಷದ ಕೊನೆಯ ಹೊತ್ತಿಗೆ ಸ್ಟ್ರಾಟೊಕಾಸ್ಟರಿನ ಹೆಡ್‌ಸ್ಟಾಕ್ ದೊಡ್ಡದಾಯಿತು. ದೊಡ್ಡ ತಲೆಯ ಸ್ಟ್ರಾಟೊಕಾಸ್ಟರನ್ನು ಯಾರಾದರೂ ‘1962ರದ್ದು’ ಎಂದರೆ ಮಾತು ಅಲ್ಲಿಗೇ ಮುಗಿಯಿತು.

2. ಸೀರಿಯಲ್ ನಂಬರ್ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ

ಹಳೆಯ ಫೆಂಡರಿನಲ್ಲಿ ನಂಬರ್ ಇರುವುದು ನೆಕ್ ಕೂಡುವಲ್ಲಿನ ನಾಲ್ಕು ಸ್ಕ್ರೂಗಳ ಲೋಹದ ತಟ್ಟೆಯ ಮೇಲೆ (ತೀರ ಆರಂಭದ ಟೆಲಿಕಾಸ್ಟರ್ ಮಾದರಿಗಳಲ್ಲಿ ಬ್ರಿಡ್ಜ್ ತಟ್ಟೆಯ ಮೇಲೆ). ತಟ್ಟೆ ಬಿಚ್ಚಿ ಇನ್ನೊಂದು ಗಿಟಾರಿಗೆ ಹಾಕಲು ಐದು ನಿಮಿಷ ಸಾಕು. ಗಿಬ್ಸನ್ ಕಂಪನಿಯ 1950ರ ದಶಕದ ಲೆಸ್ ಪಾಲ್‌ಗಳಲ್ಲಿ ಶಾಯಿಯಲ್ಲಿ ಒತ್ತಿದ ಮೊದಲ ಅಂಕಿ ವರ್ಷ ಹೇಳುತ್ತದೆ: 9 ಎಂದರೆ 1959. ಆದರೆ 1960ರ ದಶಕದಲ್ಲಿ ಅದೇ ಕಂಪನಿ ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಬಳಸಿದೆ. ನಂಬರ್ ಒಂದನ್ನೇ ಹಿಡಿದು ಹೊರಟವರು ಅಲ್ಲಿ ದಾರಿ ತಪ್ಪುತ್ತಾರೆ.

3. ನೆಕ್ ಬಿಚ್ಚಿಸಿ ನೋಡಿ

ಮಾಲೀಕರ ಒಪ್ಪಿಗೆ ಪಡೆದು, ತಂತಿ ಸಡಿಲಿಸಿ, ಫೆಂಡರಿನ ನೆಕ್ ಕಳಚಿ. ಅದರ ಬುಡದಲ್ಲಿ ದಿನಾಂಕ ಇರಬೇಕು: 1962ರ ಆರಂಭದವರೆಗೆ ಬಹುಮಟ್ಟಿಗೆ ಪೆನ್ಸಿಲಿನಲ್ಲಿ, ಆಮೇಲೆ ರಬ್ಬರ್ ಮೊಹರಿನಲ್ಲಿ. ಅದು ನೆಕ್ ತಯಾರಾದ ದಿನ, ಗಿಟಾರ್ ಜೋಡಣೆಯಾದ ದಿನವಲ್ಲ. ಕೆಲವು ವಾರ, ಕೆಲವು ತಿಂಗಳ ಅಂತರ ಸಹಜ. ಮೂರು ವರ್ಷದ ಅಂತರ ಇದ್ದರೆ ನಿಮ್ಮ ಕೈಯಲ್ಲಿರುವುದು ಎರಡು ಗಿಟಾರುಗಳ ಕೂಡಿಕೆಯಾಗಿರಬಹುದು.

4. ಪಾಟ್‌ಗಳ ಬೆನ್ನು ಓದಲು ಕಲಿಯಿರಿ

ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಪಾಟ್‌ಗಳ ಮೇಲೆ ಅಂಕಿಗಳ ಸಾಲೊಂದು ಇರುತ್ತದೆ. ಉದಾಹರಣೆಗೆ 1376532. ಇದರಲ್ಲಿ 137 ಎಂದರೆ ತಯಾರಕರು ಸಿಟಿಎಸ್. 65 ಎಂದರೆ 1965. 32 ಎಂದರೆ ಆ ವರ್ಷದ 32ನೇ ವಾರ. 304 ಇದ್ದರೆ ಅದು ಸ್ಟ್ಯಾಕ್‌ಪೋಲ್ ಕಂಪನಿಯದು. ನಿಯಮ ಸರಳ: ಅಸಲಿ ಬಿಡಿಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ತಿರುಗಿಸಿ ಹೇಳಿದರೆ ಮಾತ್ರ ಇದು ಕೈಕೊಡುತ್ತದೆ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿತ್ತು. ಆ ದಾಸ್ತಾನು ಮುಂದಿನ ಕೆಲವು ವರ್ಷಗಳ ಗಿಟಾರುಗಳಲ್ಲೂ ಸಿಗುತ್ತದೆ. ಬೆಸುಗೆಯನ್ನೂ ನೋಡಿ. ಮಂಕಾದ ಹಳೆಯ ಬೆಸುಗೆಯ ಪಕ್ಕ ಹೊಳೆಯುವ ಹೊಸ ಹನಿ ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ.

5. ಪಿಕಪ್ಪಿನ ಚೀಟಿಗೆ ಮರುಳಾಗಬೇಡಿ

ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ ರೂಪಿಸಿದ ಹಂಬಕರ್ ಪಿಕಪ್ 1957ರಲ್ಲಿ ಲೆಸ್ ಪಾಲ್ ಗಿಟಾರಿಗೆ ಬಂತು. ಅದರ ತಳದಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಪುಟ್ಟ ಕಪ್ಪು ಚೀಟಿ. ಜನ ಇದನ್ನೇ ಚಿಕ್ಕದಾಗಿ ‘ಪಿಎಎಫ್’ ಎನ್ನುತ್ತಾರೆ. 1959ರಲ್ಲಿ ಪೇಟೆಂಟ್ ಸಿಕ್ಕ ಮೇಲೂ ಚೀಟಿ ಕೆಲಕಾಲ ಹಾಗೇ ಮುಂದುವರಿಯಿತು. ಆಮೇಲೆ ಬಂದ ಚೀಟಿಯ ಮೇಲೆ ಇರುವ ಸಂಖ್ಯೆ 2,737,842. ತಮಾಷೆ ಏನೆಂದರೆ ಅದು ಪಿಕಪ್ಪಿನ ಪೇಟೆಂಟೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸಿನದು! ಈ ತಪ್ಪು ಸಂಖ್ಯೆ ನಕಲಿಯ ಗುರುತಲ್ಲ, ಆ ಕಾಲದ ಗುರುತು. ಆದರೆ ಚೀಟಿಯನ್ನು ಯಾರು ಬೇಕಾದರೂ ಮುದ್ರಿಸಬಹುದು. ತಳದ ತಗಡು, ಸ್ಕ್ರೂ, ವೈರ್ ಕೂಡ ಅದೇ ಕಾಲದವೇ ಎಂದು ನೋಡಿ.

6. ಮರದ ಮಾತು ಕೇಳಿ

ಫೆಂಡರ್ 1959ರ ಮಧ್ಯದಿಂದ 1962ರ ಮಧ್ಯದವರೆಗೆ ನೆಕ್ಕಿನ ಮೇಲೆ ದಪ್ಪ, ಚಪ್ಪಟೆ ತಳದ ರೋಸ್‌ವುಡ್ ಹಲಗೆ ಕೂರಿಸುತ್ತಿತ್ತು. ಆಮೇಲೆ ಬಾಗಿದ ತೆಳು ಪದರ. ನೆಕ್ಕಿನ ಬುಡವನ್ನು ಎದುರಿನಿಂದ ನೋಡಿದರೆ ಕೂಡಿಕೆಯ ಗೆರೆ ನೇರವೋ ಬಾಗಿದೆಯೋ ತಿಳಿಯುತ್ತದೆ.

ಇಲ್ಲಿ ನಮ್ಮವರಿಗೊಂದು ಅನುಕೂಲವಿದೆ. 1950ರ ದಶಕದ ಗಿಬ್ಸನ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಬ್ರೆಜಿಲ್ಲಿನ ರೋಸ್‌ವುಡ್. 60ರ ದಶಕದ ಉತ್ತರಾರ್ಧದಿಂದ ಅದು ದುರ್ಲಭವಾಗುತ್ತ ಬಂದಂತೆ ಅಮೆರಿಕದ ಕಂಪನಿಗಳು ಭಾರತದ ಮರಕ್ಕೆ ತಿರುಗಿದವು. ಅದು ಬೇರೇನಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಮಲೆನಾಡಿನ ಮನೆಯ ಮಂಚ, ಮೈಸೂರಿನ ಕುಸುರಿ ಹಲಗೆ ನೋಡಿ ಪಳಗಿದ ಕಣ್ಣಿಗೆ ಅದರ ನೇರಳೆ ಬೆರೆತ ಕಂದು ಹೊಸದಲ್ಲ. ‘1959ರ ಲೆಸ್ ಪಾಲ್’ ಎಂದವರ ಫ್ರೆಟ್‌ಬೋರ್ಡ್ ಅಜ್ಜಿಯ ಮಂಚದಂತೆ ಕಂಡರೆ ಮರ ಬಲ್ಲವರಿಗೆ ತೋರಿಸಿ. ಇನ್ನೊಂದು ಎಚ್ಚರ: ಬ್ರೆಜಿಲ್ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಠಿಣ ಪಟ್ಟಿಯಲ್ಲಿದೆ. ವಿದೇಶದಿಂದ ತರುವವರು ಕಾಗದಪತ್ರ ಮೊದಲೇ ವಿಚಾರಿಸಿಕೊಳ್ಳಿ.

7. ಕತ್ತಲೆ ಕೋಣೆ, ನೇರಳಾತೀತ ದೀಪ

ಹಳೆಯ ನೈಟ್ರೋ ಲ್ಯಾಕರ್ ಲೇಪ ನೇರಳಾತೀತ ಬೆಳಕಿನಲ್ಲಿ ಹಳದಿ-ಹಸಿರಾಗಿ ಮಿನುಗುತ್ತದೆ. ಮೇಲೆ ಬಳಿದ ಹೊಸ ಬಣ್ಣ, ಮುರಿದು ಅಂಟಿಸಿದ ಕುತ್ತಿಗೆ, ತುಂಬಿದ ತೂತು ಬೇರೆಯೇ ಬಣ್ಣದ ತೇಪೆಯಾಗಿ ಎದ್ದು ಕಾಣುತ್ತವೆ. 1958ರಿಂದ 1960ರ ಸನ್‌ಬರ್ಸ್ಟ್ ಲೆಸ್ ಪಾಲ್‌ಗಳ ಕೆಂಪು ಬಿಸಿಲಿಗೆ ಮಾಸುತ್ತಿತ್ತು. ಪಿಕ್‌ಗಾರ್ಡಿನ ಮರೆಯಲ್ಲೂ ಬಣ್ಣ ಅಷ್ಟೇ ಮಾಸಿದ್ದರೆ ಕಾರಣ ಕೇಳಿ.

8. ಅಪರೂಪ ಹೆಚ್ಚಿದಷ್ಟೂ ಅನುಮಾನ ಹೆಚ್ಚಲಿ

1958-59ರಲ್ಲಿ ಗಿಬ್ಸನ್ ಕಳಿಸಿದ ಕೊರಿನಾ ಮರದ ‘ಫ್ಲೈಯಿಂಗ್ ವಿ’ ನೂರರ ಒಳಗೆ. ‘ಎಕ್ಸ್‌ಪ್ಲೋರರ್’ ಇನ್ನೂ ಕಡಿಮೆ. ಅದೇ ಕಾಲದಲ್ಲಿ ವಿನ್ಯಾಸಗೊಂಡ ‘ಮಾಡರ್ನ್’ ಎಂಬ ಮೂರನೆಯದರ ನಕ್ಷೆ ಉಂಟು, ಪೇಟೆಂಟ್ ಉಂಟು; ಖಚಿತಪಟ್ಟ ಅಸಲಿ ಗಿಟಾರ್ ಮಾತ್ರ ಈವರೆಗೆ ಒಂದೂ ಇಲ್ಲ. 1982ರಲ್ಲಿ ಕಂಪನಿಯೇ ಅದನ್ನು ಹೊಸದಾಗಿ ಮಾಡಿ ಮಾರಿತು. ಯಾರಾದರೂ ‘1958ರ ಮಾಡರ್ನ್’ ತೋರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

9. ‘ಲಾಸೂಟ್’ ಎಂಬ ಪದಕ್ಕೆ ಹಣ ಕೊಡಬೇಡಿ

70ರ ದಶಕದ ಜಪಾನ್ ಗಿಟಾರುಗಳನ್ನೆಲ್ಲ ‘ಲಾಸೂಟ್ (ದಾವೆ) ಮಾಡೆಲ್’ ಎಂದು ಮಾರುತ್ತಾರೆ. ನಿಜವಾಗಿ ದಾವೆ ಬಿದ್ದದ್ದು 1977ರಲ್ಲಿ, ಐಬನೆಜ್ ಗಿಟಾರುಗಳ ವಿತರಕರ ಮೇಲೆ, ಗಿಬ್ಸನ್ನಿನ ಹೆಡ್‌ಸ್ಟಾಕ್ ಆಕಾರದ ವಿಚಾರಕ್ಕೆ, ಕೊನೆಗೆ ರಾಜಿಯಾಯಿತು. ಆ ಕಾಲದ ಜಪಾನ್ ಗಿಟಾರುಗಳಲ್ಲಿ ಒಳ್ಳೆಯವೂ ಇವೆ, ಕಳಪೆಯವೂ ಇವೆ. ಕೈಯಲ್ಲಿರುವ ಗಿಟಾರಿಗೆ ಬೆಲೆ ಕಟ್ಟಿ, ಕತೆಗಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ವ್ಯಾಪಾರಕ್ಕೇ ಇರಬೇಕು. ಒಂದು ಹಾಳೆಯಲ್ಲಿ ನೆಕ್, ಪಾಟ್, ಪಿಕಪ್, ಮರ, ಬಣ್ಣ ಎಂದು ಬರೆದು, ಪ್ರತಿಯೊಂದರ ಮುಂದೆ ಅದು ಹೇಳುವ ವರ್ಷ ನಮೂದಿಸಿ. ವರ್ಷಗಳು ಒಂದಕ್ಕೊಂದು ಹೊಂದಿದ ಮೇಲೆ ಕಣ್ಣೆತ್ತಿ ಹೆಡ್‌ಸ್ಟಾಕ್ ನೋಡಿ. ನೆಕ್ಕಿನ ಬುಡವೂ ಬ್ರಿಡ್ಜ್ ತಟ್ಟೆಯ ನಂಬರೂ ಪಾಟ್‌ಗಳೂ ಒಂದೇ ದನಿಯಲ್ಲಿ 1951ರ ಆರಂಭ ಎಂದಿದ್ದರೆ, ಅಲ್ಲಿ ಮಾಡೆಲ್ ಹೆಸರು ಇಲ್ಲದಿರುವುದೇ ಸರಿಯಾದ ಹೆಸರು.