ಕೇಬಲ್ ಮೇಲೆ ಬರೆದ ಆಂಪಿಯರ್

ಹೊಸದಾಗಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಹಾಕಿರುವ ತಮ್ಮನಿಗೆ ಆಶೀರ್ವಾದಗಳು.

‘ಈ ಬ್ಯಾಟರಿ ಕೇಬಲ್ ಎಷ್ಟು ಆಂಪಿಯರ್ ತಡೆಯುತ್ತೆ ಅಣ್ಣಾ?’ ಅಂತ ನಿನ್ನ ವಯಸ್ಸಿನವರೆಲ್ಲ ಕೇಳುತ್ತೀರಿ. ಅದು ಅರ್ಧ ಪ್ರಶ್ನೆಯಪ್ಪ. ಎಷ್ಟು ಹೊತ್ತು, ಎಷ್ಟು ಉದ್ದ, ಎಂಥ ಬಿಸಿಯಲ್ಲಿ ಅನ್ನುವುದನ್ನೂ ಕೇಳಬೇಕು.

ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರೇ ನೂರು ಆಂಪಿಯರ್ ದಾಟಿ ಎಳೆಯುತ್ತದೆ, ಡೀಸೆಲ್ ಗಾಡಿ ಅದರ ಎರಡು ಮೂರು ಪಟ್ಟು. ಆದರೂ 25 ಸ್ಕ್ವೇರ್ ಎಂಎಂ ಕೇಬಲ್ ತಾಳಿಕೊಳ್ಳುತ್ತದೆ. ತಾಮ್ರ ಕಾಯುವುದರೊಳಗೆ ಎಂಜಿನ್ ಎದ್ದಿರುತ್ತದಲ್ಲ!

ಇನ್ವರ್ಟರ್ ಹಾಗಲ್ಲ. ತಿಂಡಿ ಗಾಡಿಯವರು ಬಂದು 1000 ವ್ಯಾಟಿನದು ಕೂರಿಸಿಕೊಡಿ ಅಂದರು ಅನ್ನು. 12 ವೋಲ್ಟಿಗೆ ಭಾಗಿಸಿದರೆ 83 ಆಂಪಿಯರ್. ಅದರೊಳಗಿನ ನಷ್ಟವೂ ಸೇರಿ ಹತ್ತಿರ ಹತ್ತಿರ 100. ಲೋಡ್ ಇರುವಷ್ಟು ಹೊತ್ತೂ ಅಷ್ಟು ಹರಿಯುತ್ತಲೇ ಇರುತ್ತದೆ. ಬ್ಯಾಟರಿಗೂ ಇನ್ವರ್ಟರಿಗೂ ಎರಡೂವರೆ ಮೀಟರ್ ದೂರವಿದ್ದರೆ ಲೆಕ್ಕಕ್ಕೆ ಐದು ಮೀಟರ್ ಹಿಡಿ, ಕರೆಂಟು ವಾಪಸ್ಸೂ ಬರಬೇಕು. ಅಲ್ಲಿ 10 ಸ್ಕ್ವೇರ್ ಹಾಕಿದರೆ ತಂತಿಯಲ್ಲೇ ಸುಮಾರು 0.9 ವೋಲ್ಟ್ ಹೋಗುತ್ತದೆ. ಅಂದರೆ 90 ವ್ಯಾಟ್ ಶಾಖ, ಅದೂ ಮ್ಯಾಟಿನ ಕೆಳಗೆ. 35 ಸ್ಕ್ವೇರ್ ಹಾಕಿದರೆ ಕಾಲು ವೋಲ್ಟಿಗೆ ಮುಗಿಯಿತು. ನಾನಾದರೆ 35 ಹಾಕುತ್ತೇನೆ, ಗಿರಾಕಿ ಚೌಕಾಸಿ ಮಾಡಿದರೂ.

ಜಂಪರ್ ಕೇಬಲ್ ಪ್ಯಾಕೆಟ್ ಮೇಲಿನ ‘500 ಆಂಪಿಯರ್’ ನೋಡಿ ಮರುಳಾಗಬೇಡ. ಕಬ್ಬಿನಂತೆ ದಪ್ಪ ಕಾಣುವುದು ಬರೀ ಪ್ಲಾಸ್ಟಿಕ್ ಇರಬಹುದು. ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆ. ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ತಾಮ್ರದಷ್ಟೇ ಕೆಲಸ ಮಾಡಲು ಅದಕ್ಕೆ ಸುಮಾರು ಒಂದೂವರೆ ಪಟ್ಟು ಸ್ಕ್ವೇರ್ ಎಂಎಂ ಬೇಕು. ಮೇಲೆ ಬಿಳಿ, ಒಳಗೆ ಕೆಂಪಿದ್ದರೆ ತವರ ಹಚ್ಚಿದ ತಾಮ್ರ. ಕಣ್ಣು ಮುಚ್ಚಿ ತಗೊ.

ಮನೆ ವೈರಿಂಗಿನ ಉಳಿದ ತಂತಿಯನ್ನು ಬಾನೆಟ್ಟಿನೊಳಗೆ ಎಳೆಯುವ ಚಾಳಿ ಬೇಡ. ಸಾಮಾನ್ಯವಾಗಿ ಅದರ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ಗಾಡಿಗೆಂದೇ ಬರುವ 105 ಡಿಗ್ರಿಯ ತಂತಿ ಕೇಳಿ ತಗೊ.

ಸೆಲ್ಫ್ ನಿಧಾನವಾದರೆ ಬ್ಯಾಟರಿ ಬದಲಿಸುವ ಮೊದಲು ಮೀಟರ್ ಹಿಡಿ. ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಕೇಬಲಿನದೋ ಲಗ್ಗಿನದೋ. ಅರ್ತ್ ಕಡೆಯೂ ನೋಡು. ಅಲ್ಲಿಯ ತುಕ್ಕನ್ನು ಯಾರೂ ಉಜ್ಜುವುದಿಲ್ಲ.

ಫ್ಯೂಸ್ ಇರುವುದು ಇನ್ವರ್ಟರ್ ಉಳಿಸಲು ಅಂದುಕೊಂಡಿದ್ದೀಯ. ಮೊದಲು ಉಳಿಯಬೇಕಾದ್ದು ತಂತಿ. ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿತೋ, ಕಾರಿನ ಬ್ಯಾಟರಿ ಒಂದೇ ಏಟಿಗೆ ನೂರಾರು ಆಂಪಿಯರ್ ಸುರಿಯುತ್ತದೆ. ಆ 35 ಸ್ಕ್ವೇರಿಗೆ 125 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕು. ಸಿಗಲಿಲ್ಲವೋ, ಗಾಡಿ ಬಿಡಬೇಡ, ಗಿರಾಕಿಗೆ ನಾಳೆ ಬಾ ಅನ್ನು.