ಮಂಡಿಗೆ ಸ್ಲೀವ್ ಸಾಕೇ, ಪಟ್ಟಿ ಬೇಕೇ?

ಸ್ಕ್ವಾಟ್ ಮಾಡುವಾಗ ಮಂಡಿಗೆ ಸ್ಲೀವ್ ಹಾಕಬೇಕೋ, ಪಟ್ಟಿ ಸುತ್ತಬೇಕೋ ಎಂದು ಕೇಳಿದ್ದೀರಿ. ದಿನನಿತ್ಯದ ಅಭ್ಯಾಸಕ್ಕೆ ಸ್ಲೀವ್ ಸಾಕು. ನಿಯೋಪ್ರಿನ್ ಸ್ಲೀವ್ ಮಂಡಿಯನ್ನು ಬೆಚ್ಚಗಿಡುತ್ತದೆ, ಹಿತವಾಗಿ ಒತ್ತಿ ಹಿಡಿಯುತ್ತದೆ. ಬಿಗಿಯಾಗಿ ಸುತ್ತಿದ ಎಲಾಸ್ಟಿಕ್ ಪಟ್ಟಿಯಾದರೋ ಕುಳಿತಾಗ ಹಿಗ್ಗಿ, ಏಳುವಾಗ ಸ್ಪ್ರಿಂಗಿನಂತೆ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಎತ್ತುವ ಭಾರ ಹೆಚ್ಚುತ್ತದೆ, ಆದರೆ ಆ ಹೆಚ್ಚಳ ನಿಮ್ಮ ಸ್ನಾಯುವಿನದಲ್ಲ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ಕ್ಲಾಸಿಕ್ ವಿಭಾಗದಲ್ಲಿ ಪಟ್ಟಿಗೆ ಅವಕಾಶವಿಲ್ಲ. ಸ್ಲೀವ್ ಕೂಡ 7 ಮಿ.ಮೀ. ದಪ್ಪ ಮೀರುವಂತಿಲ್ಲ.

ಪಟ್ಟಿ ಕಟ್ಟಿದರೆ ನೋವು ಕಡಿಮೆಯಾಗುತ್ತದಲ್ಲ ಎನ್ನಬಹುದು. ಆಗಬಹುದು, ಆದರೆ ನೋವು ಅಡಗಿದ ಮಾತ್ರಕ್ಕೆ ಅದರ ಕಾರಣ ಅಳಿಯುವುದಿಲ್ಲ. ಮಂಡಿಯ ಸುತ್ತಳತೆ ನೋಡಿಯೇ ಸ್ಲೀವ್ ಕೊಳ್ಳಿ. ಕಾಲು ಜೋಮು ಹಿಡಿದರೆ ಅದು ತೀರಾ ಬಿಗಿ. ಮಂಡಿ ಊದಿದ್ದರೆ ಮೊದಲು ಮೂಳೆ ತಜ್ಞರನ್ನು ಕಾಣಿ, ಅಂಗಡಿಗೆ ಆಮೇಲೆ ಹೋಗಿ.